ಕಾಲೇಜಿಗೆ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ

ಮಗ, ಮಗಳು ಇಂಜಿನಿಯರಿಂಗ್ ಸೇರುತ್ತಿದ್ದರೆ ಲ್ಯಾಪ್‌ಟಾಪಿಗೆ ಅವಸರ ಮಾಡಬೇಡಿ. ಮೊದಲು ಕಾಲೇಜಿನ ಐಡಿ ಕಾರ್ಡ್, ಇಮೇಲ್ ಕೈಗೆ ಬರಲಿ. ಎಚ್‌ಪಿ, ಡೆಲ್, ಲೆನೊವೊ ಸೈಟುಗಳಲ್ಲಿ ವಿದ್ಯಾರ್ಥಿಗಳಿಗೆಂದೇ ರಿಯಾಯಿತಿ ಇರುತ್ತದೆ. ಆಪಲ್‌ನವರದ್ದೂ ಇದೆ, ಅಲ್ಲಿ ಯುನಿಡೇಸ್ ಎಂಬ, ವಿದ್ಯಾರ್ಥಿ ಹೌದೋ ಅಲ್ಲವೋ ಪರಿಶೀಲಿಸುವ ಸೈಟಿನ ಮೂಲಕ ವಿದ್ಯಾರ್ಥಿ ಅಂತ ತೋರಿಸಬೇಕು.

ಆದರೆ ಅದೇ ಕಡಿಮೆ ಅಂತ ಸುಮ್ನೆ ನಂಬಬೇಡಿ. ಪೂರ್ತಿ ಮಾಡೆಲ್ ನಂಬರ್ ಚೀಟಿಯಲ್ಲಿ ಬರೆದುಕೊಂಡು ಬೆಂಗಳೂರಿನ ಎಸ್‌.ಪಿ. ರೋಡಿನ ಎರಡು ಮೂರು ಕಂಪ್ಯೂಟರ್ ಅಂಗಡಿಗಳಲ್ಲೂ ಕೇಳಿ. ಕೊನೆಯ ಎರಡು ಅಕ್ಷರ ಬೇರೆಯಾದರೆ ಒಳಗಿನ ರ‍್ಯಾಮ್, ಸ್ಕ್ರೀನ್ ಕೂಡ ಬೇರೆ ಇರಬಹುದು. ತಂಗಿಗೆ ತರುವಾಗ ಇದನ್ನು ಗಮನಿಸದೆ 16 ಜಿಬಿ ಬದಲು 8 ಜಿಬಿಯದ್ದು ಮನೆಗೆ ಬಂತು. ಅವಳ ಮುಖ ನೋಡಿ ತುಂಬಾ ಬೇಜಾರಾಯಿತು.

ಜಿಎಸ್‌ಟಿ ಬಿಲ್ ತಪ್ಪದೆ ತಗೊಳ್ಳಿ. ವರ್ಡ್, ಎಕ್ಸೆಲ್‌ಗೆ ಜಾಸ್ತಿ ದುಡ್ಡು ಕೊಡುವ ಮೊದಲು ಮೈಕ್ರೋಸಾಫ್ಟ್ ಸೈಟಿನಲ್ಲಿ ಕಾಲೇಜಿನ ಇಮೇಲ್ ಹಾಕಿ ನೋಡಿ. ನಿಮ್ಮ ಕಾಲೇಜಿಗೆ ಸೌಲಭ್ಯವಿದ್ದರೆ ಉಚಿತವಾಗಿ ಸಿಗುತ್ತದೆ.