ಬ್ಯಾಟರಿ ಪುಡಿಯ ಗುಣವನ್ನು ಕಣ ನೋಡಿ ತಿಳಿಯುವುದು ಹೇಗೆ?

ಲಿಥಿಯಂ ಬ್ಯಾಟರಿಯೊಳಗಿನ ಕಪ್ಪು ಪುಡಿ ಯಾವ ರಾಸಾಯನಿಕ ಎಂದು ಎಲ್ಲರೂ ಕೇಳುತ್ತಾರೆ. ಅದರ ಕಣ ಎಷ್ಟು ದೊಡ್ಡದು, ಯಾವ ಆಕಾರದ್ದು ಎಂದು ಕೇಳುವವರು ಕಡಿಮೆ. ಒಂದೇ ಸೂತ್ರದ ಎರಡು ಪುಡಿಗಳಲ್ಲಿ ಒಂದು ಚುರುಕಾಗಿ ಚಾರ್ಜ್ ಆಗಿ ಇನ್ನೊಂದು ಕುಂಟುವುದಕ್ಕೆ ಕಾರಣ ಎಷ್ಟೋ ಸಲ ಇಲ್ಲಿಯೇ ಇರುತ್ತದೆ.

ಮೊದಲು ಗಾತ್ರದ ವರದಿ ಓದಿ. ಲೇಸರ್ ಬೆಳಕಿನಿಂದ ಅಳೆದ ವರದಿಯಲ್ಲಿ ಡಿ10, ಡಿ50, ಡಿ90 ಎಂಬ ಮೂರು ಅಂಕಿಗಳಿರುತ್ತವೆ. ಡಿ50 ಎಂಬುದು 12 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದರೆ, ಘನ ಅಳತೆಯಲ್ಲಿ ಪುಡಿಯ ಅರ್ಧಪಾಲು ಅದಕ್ಕಿಂತ ಸಣ್ಣ ಕಣಗಳದ್ದು. ಅನೇಕರು ಅಷ್ಟಕ್ಕೇ ನಿಲ್ಲುತ್ತಾರೆ. ನಾನು ಮೊದಲು ನೋಡುವುದು ಡಿ90, ಅಂದರೆ ಪುಡಿಯ ನೂರರಲ್ಲಿ ತೊಂಬತ್ತು ಪಾಲು ಯಾವ ಗಾತ್ರಕ್ಕಿಂತ ಸಣ್ಣದು ಎಂಬುದನ್ನು. ಪುಡಿಯನ್ನು ಕಲಸಿ ಲೋಹದ ಹಾಳೆಗೆ ಬಳಿಯುವ ಲೇಪನದ ದಪ್ಪವೇ 50ರಿಂದ 100 ಮೈಕ್ರಾನ್ ಇರುವಾಗ, 60 ಮೈಕ್ರಾನಿನ ದಡೂತಿ ಕಣವೊಂದು ಸಾಕು, ಉದ್ದಕ್ಕೂ ಗೀರು ಬೀಳಲು.

ಎರಡನೆಯದು, ಲಿಥಿಯಂ ಸಾಗಬೇಕಾದ ದೂರ. ಕಣದ ಹೊರಮೈಯಿಂದ ಒಳಕ್ಕೆ ಇಳಿಯಲು ಬೇಕಾದ ಸಮಯ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದೂರ ಅರ್ಧವಾದರೆ ಸಮಯ ಕಾಲುಭಾಗ. ಬ್ಯಾಟರಿಯ ಧನ ಧ್ರುವದ ಪುಡಿಯಾದ ಲಿಥಿಯಂ ಐರನ್ ಫಾಸ್ಫೇಟನ್ನು ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ತಂಡ 1997ರಲ್ಲಿ ಪ್ರಕಟಿಸಿದಾಗ ಅದು ಪೂರ್ಣ ಸಾಮರ್ಥ್ಯ ಕೊಡಲಿಲ್ಲ. ಕಣವನ್ನು ನ್ಯಾನೋಮೀಟರ್ ಅಳತೆಗೆ ಇಳಿಸಿ ಇಂಗಾಲದ ಹೊದಿಕೆ ತೊಡಿಸಿದ ಮೇಲೆ ಅದೇ ವಸ್ತು ವಾಹನಗಳಿಗೆ ಬಂತು. ಋಣ ಧ್ರುವದಲ್ಲಿ ಬಳಸುವ ಸಿಲಿಕಾನಿನ ಕಥೆ ಬೇರೆ. ಲಿಥಿಯಂ ತುಂಬಿಕೊಂಡಾಗ ಅದು ಸುಮಾರು ನಾಲ್ಕು ಪಟ್ಟು ಗಾತ್ರಕ್ಕೆ ಉಬ್ಬುತ್ತದೆ; ಸ್ಫಟಿಕ ಸಿಲಿಕಾನಿನ ಕಣ ಸುಮಾರು 150 ನ್ಯಾನೋಮೀಟರಿಗಿಂತ ಸಣ್ಣದಿದ್ದರೆ ಬಿರುಕು ಬಿಡದೆ ತಾಳಿಕೊಳ್ಳುತ್ತದೆ.

ಹಾಗಾದರೆ ಎಲ್ಲವನ್ನೂ ನುಣ್ಣಗೆ ಅರೆದುಬಿಡೋಣವೇ? ಬೇಡ. ಮೂರನೆಯ ಹೆಜ್ಜೆಯಲ್ಲಿ, ನೈಟ್ರೋಜನ್ ಅನಿಲ ಹೀರಿಸಿ ಅಳೆದ ಮೇಲ್ಮೈ ವಿಸ್ತೀರ್ಣ ನೋಡಿ. ಋಣ ಧ್ರುವದ ಇನ್ನೊಂದು ಪುಡಿಯಾದ ಗ್ರಾಫೈಟಿನ ಮೇಲ್ಮೈ ಹೆಚ್ಚಿದಷ್ಟೂ ಮೊದಲ ಚಾರ್ಜಿನಲ್ಲಿ ಅದರ ಮೇಲೆ ಕಟ್ಟುವ ಪದರ ಹೆಚ್ಚು ಲಿಥಿಯಂ ನುಂಗುತ್ತದೆ, ಮರಳಿ ಕೊಡುವುದಿಲ್ಲ. ಜೊತೆಗೆ ನುಣ್ಣನೆಯ ಪುಡಿ ದ್ರಾವಕವನ್ನೂ ಅಂಟನ್ನೂ ಸಿಕ್ಕಾಪಟ್ಟೆ ಕುಡಿಯುತ್ತದೆ.

ನಾಲ್ಕನೆಯದಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆಕಾರ ನೋಡಿ. ಲೇಸರ್ ಯಂತ್ರ ಪ್ರತಿ ಕಣವನ್ನೂ ಗುಂಡು ಎಂದೇ ಭಾವಿಸುತ್ತದೆ, ಹಪ್ಪಳದಂತಿರುವ ಗ್ರಾಫೈಟಿನ ಚಕ್ಕೆಯನ್ನು ಕೂಡ. ಇಂಥ ಚಕ್ಕೆಗಳು ರೋಲರಿನಡಿ ಒತ್ತಿದಾಗ ಒಂದರ ಮೇಲೊಂದು ಮಲಗಿ, ಅಯಾನುಗಳು ಸುತ್ತು ಬಳಸಿ ಹೋಗುವಂತೆ ಮಾಡುತ್ತವೆ. ನೈಸರ್ಗಿಕ ಗ್ರಾಫೈಟನ್ನು ಉರುಟಾಗಿಸುವುದು ಇದಕ್ಕೇ. ಗುಂಡು ಕಣ ಒತ್ತಾಗಿಯೂ ಕೂರುತ್ತದೆ. ನಡುವಿನ ಸಂದುಗಳಿಗೆ ಸಣ್ಣ ಕಣ ಬೆರೆಸಿದರೆ ಇನ್ನೂ ಒತ್ತಾಗುತ್ತದೆ.

ಕೊನೆಗೆ ಕಾಯಿನ್ ಸೆಲ್ (ನಾಣ್ಯದಾಕಾರದ ಪುಟ್ಟ ಪರೀಕ್ಷಾ ಬ್ಯಾಟರಿ) ಕಟ್ಟಿ, ಒಮ್ಮೆ ಹತ್ತು ಗಂಟೆಯಲ್ಲಿ, ಇನ್ನೊಮ್ಮೆ ಅರ್ಧ ಗಂಟೆಯಲ್ಲಿ ಖಾಲಿ ಮಾಡಿ. ನಿಧಾನದಲ್ಲಿ ಪೂರ್ತಿ ಕೊಟ್ಟು ವೇಗದಲ್ಲಿ ಕುಸಿದರೆ ಕಣದ ಮೇಲೆ ಅನುಮಾನ ಬರುತ್ತದೆ. ಆದರೆ ಲೇಪನ ದಪ್ಪವಾಗಿದ್ದರೂ ಹೀಗೆಯೇ ಆಗುತ್ತದೆ. ಆದ್ದರಿಂದ ತೆಳುವಾಗಿ ಬಳಿದ ಇನ್ನೊಂದು ಸೆಲ್ಲನ್ನು ಪಕ್ಕದಲ್ಲಿಟ್ಟು ಪರೀಕ್ಷಿಸಿ. ಅದೂ ಕುಸಿದರೆ ಮಾತ್ರ ಪುಡಿಯನ್ನು ದೂರಿ.