ಹಾಲ್‌ನ ಫ್ಯಾನ್ ಮಾಯವಾದಾಗ

ಮೋಲ್ಡ್ ಹಾಕುವ ಹಿಂದಿನ ದಿನ ಸಂಜೆ ಎಲೆಕ್ಟ್ರಿಷಿಯನ್ ಫೋನ್ ಮಾಡಿದ. "ಸಾರ್, ಹಾಲ್‌ಗೆ ಫ್ಯಾನ್ ಬೇಡ್ವಾ? ಡ್ರಾಯಿಂಗ್‌ನಲ್ಲಿ ಒಂದು ಬಾಕ್ಸೂ ಇಲ್ಲ."

ಫ್ಯಾನ್ ನಾನೇ ಹಾಕಿದ್ದೆ. ಫೈಲ್‌ನಲ್ಲಿ ಇತ್ತು, ಪ್ರಿಂಟ್‌ನಲ್ಲಿ ಇರಲಿಲ್ಲ.

ತಪ್ಪು ನನ್ನ ಲೇಯರ್ ಫಿಲ್ಟರ್‌ನದು. ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಗೋಡೆ, ಲೈಟ್ ಎಲ್ಲ ಬೇರೆ ಬೇರೆ ಪದರಗಳಲ್ಲಿ, ಅಂದರೆ ಲೇಯರ್‌ಗಳಲ್ಲಿ ಇರುತ್ತವೆ; ಬೇಕಾದವನ್ನಷ್ಟೇ ಆರಿಸಿಡುವ ಪಟ್ಟಿಯೇ ಫಿಲ್ಟರ್. ಎಲೆಕ್ಟ್ರಿಕಲ್ ಶೀಟ್‌ಗೆ ಬೇಕಾದ ಲೇಯರ್‌ಗಳನ್ನು ಒಂದೊಂದಾಗಿ ಎಳೆದು ಗ್ರೂಪ್ ಫಿಲ್ಟರ್‌ಗೆ ಹಾಕಿಟ್ಟಿದ್ದೆ. ಪ್ರಿಂಟ್ ಬೇಕಾದಾಗ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಐಸೋಲೇಟ್ ಗ್ರೂಪ್' ಒತ್ತಿದರೆ ಉಳಿದ ಲೇಯರ್‌ಗಳೆಲ್ಲ ಆಫ್. ಸುಲಭ ಅಲ್ವಾ? ಆದರೆ ಗ್ರೂಪ್ ಫಿಲ್ಟರ್‌ನಲ್ಲಿ ನಾವು ಹಾಕಿದ್ದು ಮಾತ್ರ ಇರುತ್ತದೆ. ಫ್ಯಾನ್‌ಗೆ ಆಮೇಲೆ ಹೊಸ ಲೇಯರ್ ಮಾಡಿದ್ದೆ, ಅದನ್ನು ಗ್ರೂಪ್‌ಗೆ ಸೇರಿಸಿರಲಿಲ್ಲ. ಅದೂ ಆಫ್ ಆಯಿತು.

ರಾತ್ರಿಯೇ ಹೊಸ ಪ್ರಿಂಟ್ ಕಳಿಸಿದೆ. ಸ್ಲ್ಯಾಬ್ ಒಡೆಯುವ ಕೆಲಸ ತಪ್ಪಿತು.

ಪ್ರಾಪರ್ಟಿ ಫಿಲ್ಟರ್ ಬೇರೆ ಥರ. ಅದಕ್ಕೆ ಲೇಯರ್ ಕೊಡುವುದಿಲ್ಲ, ನಿಯಮ ಕೊಡುತ್ತೇವೆ. ಹೆಸರಿನ ಕಾಲಮ್‌ನಲ್ಲಿ 'ಇ-*' ಎಂದು ಬರೆದರೆ 'ಇ-' ಎಂದು ಶುರುವಾಗುವ ಎಲ್ಲ ಲೇಯರ್ ಬರುತ್ತವೆ, ನಾಳೆ ಹುಟ್ಟುವವೂ ಸೇರಿ. ಗೋಡೆಯೂ ಕಾಣಬೇಕಲ್ಲ, ಅದಕ್ಕೆ ಎರಡನೇ ಸಾಲಿನಲ್ಲಿ 'ಎ-ವಾಲ್*' ಹಾಕಿದೆ. ಬೇರೆ ಬೇರೆ ಸಾಲು ಎಂದರೆ 'ಇದಾದರೂ ಸರಿ, ಅದಾದರೂ ಸರಿ'. ಒಂದೇ ಸಾಲಿನಲ್ಲಿ ಎರಡು ಕಾಲಮ್ ತುಂಬಿದರೆ ಎರಡೂ ಹೊಂದಬೇಕು. ಇದು ತಿಳಿಯದೆ ನಾನು ಅರ್ಧ ದಿನ ಖಾಲಿ ಪಟ್ಟಿ ನೋಡುತ್ತಾ ಕೂತಿದ್ದೆ.

ಆದರೆ ನಿಯಮ ಕೆಲಸ ಮಾಡಬೇಕಾದರೆ ಹೆಸರುಗಳು ಸರಿ ಇರಬೇಕು. ನನ್ನ ಫೈಲ್‌ನಲ್ಲಿ 'ಲೈಟ್', 'ಲೈಟ್1', 'ಹೊಸದು', 'ಲೇಯರ್3' ಎಲ್ಲವೂ ಇದ್ದವು. ನಿಜವಾದ ಕೆಲಸ ಇದ್ದದ್ದು ಇಲ್ಲೇ. ಮೊದಲು ಲೇವಾಕ್ ಕಮಾಂಡ್. ಪಟ್ಟಿಯಲ್ಲಿ ಒಂದು ಲೇಯರ್ ಆರಿಸಿದರೆ ಅದರಲ್ಲಿರುವುದು ಮಾತ್ರ ಕಾಣುತ್ತದೆ. 'ಲೇಯರ್3'ರಲ್ಲಿ ಸಿಕ್ಕಿದ್ದು ಒಂದು ಸಿಂಕು ಮತ್ತು ಯಾರದೋ ಹಳೇ ಟೈಟಲ್ ಬ್ಲಾಕು! ಒಂದೇ ಕೆಲಸದ ಎರಡು ಮೂರು ಲೇಯರ್ ಇದ್ದಲ್ಲಿ ಲೇಮರ್ಜ್ ಬಳಸಿ ಒಂದು ಮಾಡಿದೆ. ಹೆಸರು ಬದಲಿಸಲು ರೀನೇಮ್ ಕಮಾಂಡ್ ಸಾಕು, ಅದರಲ್ಲೂ ನಕ್ಷತ್ರ ಚಿಹ್ನೆ ನಡೆಯುತ್ತದೆ: 'ಲೈಟ್*' ಇದ್ದದ್ದನ್ನು ಒಂದೇ ಸಲ 'ಇ-ಲೈಟ್*' ಮಾಡಬಹುದು. ಕೊನೆಗೆ ಪರ್ಜ್, ಅಂದರೆ ಬಳಕೆಯಲ್ಲಿಲ್ಲದ ಲೇಯರ್‌ಗಳನ್ನು ತೆಗೆದುಹಾಕುವ ಕಮಾಂಡ್. ಪ್ರತಿ ಫೈಲ್‌ನಲ್ಲೂ ತಾನಾಗಿಯೇ ಇರುವ ಸೊನ್ನೆ ('0') ಲೇಯರ್ ಹೋಗುವುದಿಲ್ಲ, ಅದರ ತಂಟೆಗೆ ಹೋಗಬೇಡಿ.

ಇನ್ನೊಂದು ಮಾತು. ಐಸೋಲೇಟ್ ಮಾಡಿದಾಗ ಮಾಡೆಲ್ ಸ್ಪೇಸ್‌ನಲ್ಲಿ (ನಕ್ಷೆ ಬರೆಯುವ ಜಾಗದಲ್ಲಿ) ಉಳಿದವು ಆಫ್ ಆಗುತ್ತವೆ, ಫ್ರೀಜ್ ಆಗುವುದಿಲ್ಲ. ಆ ಸ್ಥಿತಿಯಲ್ಲಿ ಇರೇಸ್ ಕೊಟ್ಟು 'ಆಲ್' ಎಂದರೆ ಕಾಣದಿದ್ದವೂ ಅಳಿಸಿ ಹೋಗುತ್ತವೆ. ಉಳಿಯುವುದು ಫ್ರೀಜ್ ಅಥವಾ ಲಾಕ್ ಆದವು ಮಾತ್ರ.

ಎಕ್ಸ್‌ರೆಫ್ ಆಗಿ, ಅಂದರೆ ನಮ್ಮ ಫೈಲ್‌ಗೆ ಹೊರಗಿನಿಂದ ಜೋಡಿಸಿಕೊಂಡು, ಬಂದ ಫೈಲ್‌ನ ಲೇಯರ್ ಹೆಸರಿನ ಮುಂದೆ ಆ ಫೈಲ್‌ನ ಹೆಸರೂ ಒಂದು ಉದ್ದ ಗೆರೆಯೂ (|) ಇರುತ್ತವೆ. ಹಾಗಾಗಿ 'ಇ-*' ಅವುಗಳಿಗೆ ತಾಗುವುದಿಲ್ಲ. ಮೂರನೇ ಸಾಲಿನಲ್ಲಿ '*|ಇ-*' ಬೇಕು. ಕನ್ಸಲ್ಟೆಂಟ್ ತನ್ನದೇ ಹೆಸರು ಇಟ್ಟಿದ್ದರೆ ಮಾತ್ರ ಈಗಲೂ ಗ್ರೂಪ್ ಫಿಲ್ಟರ್ ಮಾಡುತ್ತೇನೆ, ಅವರು ಹೊಸ ಫೈಲ್ ಕಳಿಸಿದಾಗಲೆಲ್ಲ ಮತ್ತೆ ತೆರೆದು ನೋಡುತ್ತೇನೆ.