ತೂಕ ಏರುತ್ತಿರುವುದು ಎಲ್ಲಿಂದ? ಏಳು ದಿನ ಬರೆದಿಟ್ಟು ನೋಡಿ

ವಯಸ್ಕರಲ್ಲಿ ಬೊಜ್ಜು ರಾತ್ರೋರಾತ್ರಿ ಬರುವುದು ಅಪರೂಪ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ದಿನವೂ ಅಷ್ಟು ಹೆಚ್ಚಾದರೆ ನಾಲಿಗೆಗೂ ಗೊತ್ತಾಗದು, ಹೊಟ್ಟೆಗೂ ಗೊತ್ತಾಗದು. ಗೊತ್ತಾಗುವುದು ತಿಂಗಳುಗಳ ನಂತರ, ಬಟ್ಟೆ ಬಿಗಿಯಾದಾಗ. ಹಾಗಾಗಿ ಊಟ ಬಿಡುವ ಮೊದಲು ಈ ಹೆಚ್ಚುವರಿ ಯಾವ ಅಭ್ಯಾಸದಿಂದ ಬರುತ್ತಿದೆ ಎಂದು ಹುಡುಕಬೇಕು.

ಮೊದಲು ಅಳತೆ

ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುನ್ನ ತೂಕ ನೋಡಿ. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರಿಸುವ ಸೂಚ್ಯಂಕ ಸಿಗುತ್ತದೆ. 165 ಸೆಂ.ಮೀ. ಎತ್ತರ, 78 ಕೆ.ಜಿ. ತೂಕದವರಿಗೆ ಅದು ಸುಮಾರು 28.6. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25ರಿಂದ ಅಧಿಕ ತೂಕ, 30ರಿಂದ ಬೊಜ್ಜು. ಏಷ್ಯಾ ಮೂಲದವರು 23ಕ್ಕೇ ಎಚ್ಚೆತ್ತುಕೊಳ್ಳಬೇಕು.

ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಬಿಎಂಐ ಹೇಳುವುದಿಲ್ಲ. ಅದಕ್ಕೆ ಸೊಂಟದ ಸುತ್ತಳತೆ ಬೇಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಟೇಪ್ ಸುತ್ತಿ, ಸಹಜವಾಗಿ ಉಸಿರು ಬಿಟ್ಟು ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಅಳತೆ ಕೆಟ್ಟಿತು. ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ನಂತರ ಟಿಪ್ಪಣಿ

ರಜಾದಿನವೂ ಸೇರಿ ಏಳು ದಿನ ಬರೆಯಿರಿ: ಏನು ತಿಂದಿರಿ, ಏನು ಕುಡಿದಿರಿ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಕೂತೇ ಇದ್ದಿರಿ, ಯಾವಾಗ ಮಲಗಿ ಯಾವಾಗ ಎದ್ದಿರಿ. ಬಾಯಿಗೆ ಹೋದ ತಕ್ಷಣ ಬರೆಯಬೇಕು. ರಾತ್ರಿ ನೆನಪಿಸಿಕೊಂಡು ಬರೆದರೆ, ನಿಂತಲ್ಲೇ ಬಾಯಿಗೆ ಹಾಕಿಕೊಂಡದ್ದು, ತಟ್ಟೆಯಲ್ಲಿ ಉಳಿದದ್ದನ್ನು ಮುಗಿಸಿದ್ದು ಬಿಟ್ಟುಹೋಗುತ್ತವೆ. ಲೆಕ್ಕ ತಪ್ಪುವುದು ಅಲ್ಲೇ. ಆ ವಾರ ಪಥ್ಯ ಬೇಡ, ಎಂದಿನಂತೆಯೇ ಇರಿ.

ಬರೆದದ್ದರಲ್ಲಿ ಮೊದಲು ಪಾನೀಯಗಳನ್ನು ನೋಡಿ. 330 ಮಿ.ಲೀ. ಸಿಹಿ ತಂಪು ಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ 140 ಕ್ಯಾಲೊರಿ. ದ್ರವ ರೂಪದ ಕ್ಯಾಲೊರಿ ಹಸಿವನ್ನು ಅಷ್ಟಾಗಿ ತಣಿಸದ ಕಾರಣ ಮುಂದಿನ ಊಟದಲ್ಲಿ ಅಷ್ಟು ಕಡಿತವಾಗುವುದಿಲ್ಲ. ಮದ್ಯದ ಪ್ರತಿ ಗ್ರಾಂ ಆಲ್ಕೋಹಾಲಿಗೂ 7 ಕ್ಯಾಲೊರಿ ಇದೆ, ಇದನ್ನು ಮರೆಯುವವರೇ ಹೆಚ್ಚು.

ಆಮೇಲೆ ಪೊಟ್ಟಣದ ತಿಂಡಿಗಳು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿಗೆ ಎರಡು ವಾರ ಅತಿ ಸಂಸ್ಕರಿತ ಆಹಾರ (ಇಂಥ ತಿಂಡಿಗಳಂತೆ ಕಾರ್ಖಾನೆಯಲ್ಲಿ ತಯಾರಾದದ್ದು), ಎರಡು ವಾರ ಸಂಸ್ಕರಿಸದ ಆಹಾರವನ್ನು ಬೇಕಾದಷ್ಟು ಕೊಡಲಾಯಿತು. ಅತಿ ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆ ತಿಂದರು.

ನಿದ್ದೆಯ ಸಾಲನ್ನೂ ಬಿಡಬೇಡಿ. ಏಳು ಗಂಟೆಗಿಂತ ಕಡಿಮೆ ನಿದ್ದೆ ದಿನವೂ ಮುಂದುವರಿದರೆ ಹಸಿವು ಹೆಚ್ಚುತ್ತದೆ, ಎಚ್ಚರವಿದ್ದಷ್ಟು ಹೊತ್ತೂ ಕೈ ತಿಂಡಿಯತ್ತ ಹೋಗುತ್ತದೆ.

ಒಂದನ್ನೇ ಬದಲಿಸಿ

ಅತಿ ಹೆಚ್ಚು ಸಲ ಕಂಡ ಒಂದು ಅಭ್ಯಾಸ ಆರಿಸಿ, ಎರಡು ವಾರ ಅದನ್ನಷ್ಟೇ ತಿದ್ದಿ. ಎಲ್ಲವನ್ನೂ ಒಟ್ಟಿಗೆ ಹಿಡಿದವರು ಮೂರನೇ ವಾರಕ್ಕೆ ಎಲ್ಲವನ್ನೂ ಬಿಡುತ್ತಾರೆ. ಊಟ ತಪ್ಪಿಸಿ ಸಂಜೆ ಹಸಿದು ಕೂರುವುದೂ ಬೇಡ, ಉಳಿಸಿದ್ದೆಲ್ಲ ರಾತ್ರಿ ಹೋಗುತ್ತದೆ.

ನಡಿಗೆಯೊಂದರಿಂದಲೇ ಎಲ್ಲ ಸರಿಯಾಗದು. 70 ಕೆ.ಜಿ. ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 150 ಕ್ಯಾಲೊರಿ, ಹೆಚ್ಚುಕಡಿಮೆ ಆ ಒಂದು ತಂಪು ಪಾನೀಯದಷ್ಟೇ. ಆದರೂ ವಾರಕ್ಕೆ ಕನಿಷ್ಠ 150 ನಿಮಿಷ ನಡೆಯಿರಿ, ಎರಡು ದಿನ ಸ್ನಾಯುಗಳಿಗೆ ಶ್ರಮ ಕೊಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸುವುದು ಈ ಶ್ರಮವೇ.

ದಿನದಿಂದ ದಿನಕ್ಕೆ ಒಂದು ಕೆ.ಜಿ. ಏರಿಳಿತ ಕಂಡರೆ ಅದು ಬಹುತೇಕ ನೀರು. ವಾರದ ಸರಾಸರಿಯನ್ನಷ್ಟೇ ಹೋಲಿಸಿ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು, 78 ಕೆ.ಜಿ.ಯವರು 4 ಕೆ.ಜಿ. ಇಳಿಸಿದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸಬಹುದು.

ಟಿಪ್ಪಣಿಯಲ್ಲಿ ಕಾರಣ ಕಾಣದೆ ತೂಕ ಏರುತ್ತಲೇ ಇದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಕೊರತೆ, ಸ್ಟೀರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಔಷಧಗಳು ತೂಕ ಏರಿಸಬಲ್ಲವು. ಔಷಧವನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಟಿಪ್ಪಣಿ ಪುಸ್ತಕವನ್ನು ಜೊತೆಗೆ ಒಯ್ಯಿರಿ.